ಶಾಲು ಆಮೇಲೆ, ಮೊದಲು ಸಂಗತಿ ಹೇಳಿ

ಸೆಪ್ಟೆಂಬರ್ ಬಂತು ಅಂದರೆ ಈ ಅಂಕಣಕ್ಕೆ ಬರುವ ಕಾಗದಗಳ ಧಾಟಿಯೇ ಬೇರೆ. ಅತ್ತೆ-ಸೊಸೆ, ಸೈಟು-ಸಾಲ ಎಲ್ಲಕ್ಕೂ ಒಂದು ತಿಂಗಳು ರಜೆ. ಎಲ್ಲರಿಗೂ ಮೇಷ್ಟ್ರುಗಳು ನೆನಪಾಗುತ್ತಾರೆ. ಈ ಸಲ ಶಾಲೆಯವರಷ್ಟೇ ಅಲ್ಲ, ಅಂಗಡಿಯಲ್ಲಿ, ಆಫೀಸಿನಲ್ಲಿ ಕೈಹಿಡಿದು ಕಲಿಸಿದವರ ಬಗ್ಗೆಯೂ ಕೇಳಿದ್ದೀರಿ. ಎಲ್ಲದಕ್ಕೂ ಇಲ್ಲಿ ಜಾಗ ಇಲ್ಲ. ಉದ್ದದ ಕಾಗದಗಳನ್ನು ಚಿಕ್ಕದು ಮಾಡಿದ್ದೇನೆ. ಹೆಸರು ಹಾಕಬೇಡಿ ಅಂತ ಬಹಳ ಜನ ಬರೆದಿದ್ದರಿಂದ ಯಾರ ಹೆಸರೂ ಹಾಕಿಲ್ಲ.

ಅಕ್ಕಾ, ನಾವು ಹೈಸ್ಕೂಲಿನ 1998ರ ಬ್ಯಾಚಿನವರು. ವಾಟ್ಸಾಪ್ ಗ್ರೂಪಿನಿಂದ ಮತ್ತೆ ಒಂದಾಗಿದ್ದೇವೆ. ಡಿಸೆಂಬರಿನಲ್ಲಿ ಗುರುವಂದನೆ ಇಟ್ಟುಕೊಂಡಿದ್ದೇವೆ. ಶಾಲು, ಹಾರ, ಮೈಸೂರು ಪೇಟ, ಹಣ್ಣಿನ ಬುಟ್ಟಿ, ನೆನಪಿನ ಕಾಣಿಕೆ ಅಂತ ಪಟ್ಟಿ ಆಗಿದೆ. ಶಾಸಕರನ್ನು ಕರೆಯೋಣ ಅಂತ ಕೆಲವರ ಆಸೆ. ಇನ್ನೇನು ಮಾಡಿದರೆ ಮೇಷ್ಟ್ರುಗಳಿಗೆ ಖುಷಿ ಆಗುತ್ತದೆ?
— ಒಬ್ಬ ಓದುಗರು, ತಿಪಟೂರು

ಖುಷಿ ಆಮೇಲೆ. ಮೊದಲು ಅವರಿಗೆ ಹಿಂಸೆ ಆಗದ ಹಾಗೆ ನೋಡಿಕೊಳ್ಳಿ.

ನಾನು ಕೂತು ನೋಡಿದ ಗುರುವಂದನೆಗಳು ಹೆಚ್ಚುಕಮ್ಮಿ ಒಂದೇ ಥರ. ಕಾರ್ಡಿನಲ್ಲಿ ಬೆಳಿಗ್ಗೆ 10 ಗಂಟೆ ಅಂತ ಇರುತ್ತದೆ. ಮೇಷ್ಟ್ರುಗಳು ಒಂಬತ್ತೂಮುಕ್ಕಾಲಿಗೇ ಹಾಜರು. ಪಾಪ, ಬೆಲ್ಲು ಹೊಡೆಯುವ ಮೊದಲೇ ಬಂದು ಅಭ್ಯಾಸ. ಶಾಸಕರು ಬರುವುದು ಹನ್ನೆರಡರ ಮೇಲೆ. ಅಲ್ಲಿಯವರೆಗೆ ಎಂಬತ್ತು ದಾಟಿದ ಕನ್ನಡ ಪಂಡಿತರು ಕೈಯಿಲ್ಲದ ಪ್ಲಾಸ್ಟಿಕ್ ಕುರ್ಚಿಯ ಮೇಲೆ. ಆಮೇಲೆ ಪ್ರಾರ್ಥನೆ, ಸ್ವಾಗತ, ಪ್ರಾಸ್ತಾವಿಕ ನುಡಿ, ಉದ್ಘಾಟನೆ. ಶಾಸಕರು ಕ್ಷೇತ್ರಕ್ಕೆ ತಂದ ಅನುದಾನದ ಲೆಕ್ಕ ಹೇಳಿ, ಇನ್ನೊಂದು ಕಾರ್ಯಕ್ರಮ ಇದೆ ಅಂತ ಹೊರಡುತ್ತಾರೆ. ಅವರ ಹಿಂದೆಯೇ ಅರ್ಧ ಸಭೆ ಎದ್ದು ಹೋಗುತ್ತದೆ. ಉಳಿದ ಸಮಯದಲ್ಲಿ ಮೇಷ್ಟ್ರುಗಳನ್ನು ಸಾಲಾಗಿ ಕೂರಿಸಿ ಸರಸರ ಶಾಲು ಹೊದಿಸಿ, ಒದ್ದೆ ಹಾರ ಹಾಕಿ, ಫೋಟೋ ಹೊಡೆದು ಮುಗಿಸುತ್ತಾರೆ. ಯಾರು ಯಾರಿಗೆ ಶಾಲು ಹೊದಿಸಿದರು ಅನ್ನುವುದೂ ತಿಳಿಯುವುದಿಲ್ಲ. ಶುಗರ್ ಇರುವವರು ಊಟಕ್ಕೆ ಏಳುವ ಹೊತ್ತಿಗೆ ಎರಡೂವರೆ.

ನನಗೆ ಗೊತ್ತಿರುವ ಒಬ್ಬ ನಿವೃತ್ತ ಮೇಷ್ಟ್ರ ಮನೆಯ ಬೀರುವಿನಲ್ಲಿ ಒಂದು ಪೂರ್ತಿ ಖಾನೆ ಶಾಲು. 'ಬಂದವರಿಗೆಲ್ಲ ಕೊಡ್ತೀನಿ ಕಣ್ರೀ, ಆದರೂ ಮುಗಿಯಲ್ಲ' ಅಂದರು ಅವರ ಹೆಂಡತಿ. ಆ ಮೇಷ್ಟ್ರು ಜೋಪಾನ ಮಾಡಿಟ್ಟಿದ್ದು ಶಾಲನ್ನಲ್ಲ. ಒಬ್ಬ ಹಳೆ ವಿದ್ಯಾರ್ಥಿ ಬರೆದಿದ್ದ ಒಂದು ಹಾಳೆಯನ್ನು. ಅದರಲ್ಲಿ ಹೊಗಳಿಕೆಯೇ ಇರಲಿಲ್ಲ. 'ನೀವು ಭೂಪಟವನ್ನು ನೆಲದ ಮೇಲೆ ಹಾಸಿ, ನಮ್ಮನ್ನು ತುಂಗಭದ್ರೆಯ ಗುಂಟ ನಡೆಸಿದಿರಿ. ನಾನೀಗ ನೀರಾವರಿ ಇಲಾಖೆಯಲ್ಲಿದ್ದೇನೆ' ಅಂತ ಇತ್ತು. ಇಷ್ಟೇ. ಅದನ್ನು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ಇಟ್ಟುಕೊಂಡಿದ್ದರು.

ಹಾಗಾಗಿ ನನ್ನ ಸಲಹೆ ಕೇಳಿ. ಶಾಸಕರು ಬೇಡ. ಬಂದೇ ಬರುತ್ತೇನೆ ಅಂದರೆ ಪ್ರೇಕ್ಷಕರ ಸಾಲಿನಲ್ಲಿ ಕೂರಲಿ. ಒಬ್ಬೊಬ್ಬ ಮೇಷ್ಟ್ರ ಬಗ್ಗೆ ನಿಮ್ಮಲ್ಲಿ ಒಬ್ಬರು ಎದ್ದು ಎರಡು ನಿಮಿಷ ಮಾತಾಡಿ. 'ನಮ್ಮ ಬಾಳಿಗೆ ದಾರಿದೀಪ' ಅನ್ನುವ ಮಾತು ಯಾರ ಬಾಯಲ್ಲೂ ಬರಕೂಡದು. ಅವರು ಕ್ಲಾಸಿನಲ್ಲಿ ಮಾಡಿದ ಒಂದು ಕೆಲಸ, ಆಡಿದ ಒಂದು ಮಾತು, ಅದು ನಿಮಗೆ ಎಲ್ಲಿ ಉಪಯೋಗಕ್ಕೆ ಬಂತು, ಇಷ್ಟು ಹೇಳಿ ಕೂತುಬಿಡಿ. ಗ್ರೂಪಿನಲ್ಲಿ ಈಗಲೇ ಹಂಚಿಕೊಂಡರೆ ಒಬ್ಬ ಮೇಷ್ಟ್ರಿಗೆ ಹತ್ತು ಜನ, ಇನ್ನೊಬ್ಬರಿಗೆ ಯಾರೂ ಇಲ್ಲ ಅಂತ ಆಗುವುದಿಲ್ಲ. ಹಾಗೆ ಆಗೇ ಆಗುತ್ತದೆ, ನೋಡಿ. ಪಿ.ಟಿ. ಮೇಷ್ಟ್ರು ಮತ್ತು ಹೊಲಿಗೆ ಟೀಚರಿಗೆ ಮಾತಾಡುವವರೇ ಇರುವುದಿಲ್ಲ.

ಬೆಲ್ಲು ಹೊಡೆಯುತ್ತಿದ್ದ ಅಟೆಂಡರ್ ಬದುಕಿದ್ದರೆ ಅವರನ್ನೂ ವೇದಿಕೆಗೆ ಕರೆಯಿರಿ. ಮನೆಯಿಂದ ಕರೆತರಲು, ವಾಪಸು ಬಿಡಲು ಕಾರು ಮಾಡಿ. ಕೈ ಇರುವ ಕುರ್ಚಿ ತರಿಸಿ. ಶೌಚಾಲಯ ಹತ್ತಿರ ಇದೆಯಾ, ಮೆಟ್ಟಿಲು ಎಷ್ಟು ಅಂತ ಮೊದಲೇ ಹೋಗಿ ನೋಡಿ. ಒಂದು ಗಂಟೆಗೆ ಊಟ ಹಾಕಿ. ಬಡಿಸುವುದು ನೀವೇ ಆಗಲಿ, ಕೇಟರಿಂಗ್ ಹುಡುಗರು ಬೇಡ.

ರಾಧಾಕೃಷ್ಣನ್ ಅವರು 1918ರಿಂದ 1921ರವರೆಗೆ ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ಪಾಠ ಹೇಳಿದವರು. ಕಲ್ಕತ್ತೆಗೆ ಹೊರಟಾಗ ಹುಡುಗರು ಅವರನ್ನು ಹೂವಿನ ಗಾಡಿಯಲ್ಲಿ ಕೂರಿಸಿ, ಕುದುರೆ ಬಿಟ್ಟು ತಾವೇ ರೈಲ್ವೆ ಸ್ಟೇಷನ್ನಿಗೆ ಎಳೆದರು ಅನ್ನುವ ಕಥೆಯನ್ನು ನಮ್ಮ ಮೈಸೂರಿನವರು ಇವತ್ತಿಗೂ ಹೇಳುತ್ತಾರೆ. 1962ರಿಂದ ಅವರ ಹುಟ್ಟುಹಬ್ಬವೇ ನಮ್ಮ ಶಿಕ್ಷಕರ ದಿನ. ಆ ಕಥೆಯಲ್ಲಿ ನನಗೆ ಇಷ್ಟವಾಗುವುದು ಹೂವಲ್ಲ, ಹುಡುಗರು ತಾವೇ ಮೈ ಬಗ್ಗಿಸಿದ್ದು.

ಆಮೇಲೆ ಬೇಕಾದರೆ ಶಾಲು ಹೊದಿಸಿ. ಚಳಿಗಾಲ ತಾನೇ.

ನನ್ನ ಎಸ್ಸೆಸ್ಸೆಲ್ಸಿ ಪರೀಕ್ಷೆ ಫೀಸು ಕಟ್ಟಿದವರು ನಮ್ಮ ಲೆಕ್ಕದ ಮೇಷ್ಟ್ರು. ಅಪ್ಪನಿಗೆ ಗೊತ್ತಾಗದ ಹಾಗೆ ಕಟ್ಟಿದ್ದರು. ನಾನೀಗ ನರ್ಸ್. ಒಳ್ಳೆ ಸಂಬಳ ಇದೆ. ದುಡ್ಡು ವಾಪಸು ಕೊಡಬೇಕು ಅಂತ ಆಸೆ. ಆದರೆ ಅವರು ಬೈಯುತ್ತಾರೆ ಅಂತ ಭಯ. ಏನು ಮಾಡಲಿ?
— ಒಬ್ಬ ಓದುಗರು, ಸಾಗರ

ಬೈಯುತ್ತಾರೆ ತಂಗಿ, ಖಂಡಿತ ಬೈಯುತ್ತಾರೆ. ಬೈಯಲಿ ಅಂತಲೇ ಒಂದು ಸಲ ಹೋಗಿ ಬನ್ನಿ. ಆದರೆ ಕವರಿನಲ್ಲಿ ದುಡ್ಡು ಇಟ್ಟುಕೊಂಡು ಹೋಗಬೇಡಿ. ಅವರು ಅವತ್ತು ಅದನ್ನು ಸಾಲ ಅಂತ ಕೊಟ್ಟಿರಲಿಲ್ಲ. ಇವತ್ತು ನೀವು ವಾಪಸು ಕೊಟ್ಟರೆ ಅವರ ಕೆಲಸವನ್ನು ಸಾಲ ಮಾಡಿಬಿಟ್ಟ ಹಾಗೆ.

ಹೋದಾಗ ಒಂದೇ ಒಂದು ಪ್ರಶ್ನೆ ಕೇಳಿ: 'ಈಗ ಶಾಲೆಯಲ್ಲಿ ನನ್ನ ಥರದ ಹುಡುಗಿ ಯಾರಾದರೂ ಇದ್ದಾರಾ ಸಾರ್?' ನಿವೃತ್ತರಾದ ಮೇಷ್ಟ್ರುಗಳಿಗೂ ಊರಿನ ಮಕ್ಕಳ ಸುದ್ದಿ ಗೊತ್ತಿರುತ್ತದೆ. ಅವರು ಹೇಳಿದ ಹುಡುಗಿಗೆ ಏನು ಬೇಕೋ ಅದನ್ನು ಕೊಡಿಸಿ. ಫೀಸು ಆಗಬಹುದು, ಬಸ್ ಪಾಸ್ ಆಗಬಹುದು, ಕನ್ನಡಕ ಆಗಬಹುದು. ಕನ್ನಡಕ ಅಂತ ಸುಮ್ನೆ ಹೇಳಿದ್ದಲ್ಲ. ಬೋರ್ಡು ಕಾಣದೆ 'ದಡ್ಡಿ' ಅನ್ನಿಸಿಕೊಂಡ ಮಕ್ಕಳು ಬಹಳ ಇರುತ್ತಾರೆ. ನೀವು ನರ್ಸ್, ನಿಮಗೆ ಅದು ನನಗಿಂತ ಚೆನ್ನಾಗಿ ಗೊತ್ತು.

ಇನ್ನೊಂದು ಮಾತು. ಆ ಹುಡುಗಿಯ ಅಪ್ಪನಿಗೂ ಗೊತ್ತಾಗಬಾರದು. ಅದನ್ನು ನೀವು ನಿಮ್ಮ ಮೇಷ್ಟ್ರಿಂದಲೇ ಕಲಿತಿದ್ದೀರಿ, ಅಲ್ವಾ? ಫೀಸು ಕಟ್ಟಿದ್ದಕ್ಕಿಂತ, ನಿಮ್ಮ ಅಪ್ಪನ ತಲೆ ತಗ್ಗದ ಹಾಗೆ ಕಟ್ಟಿದ್ದು ದೊಡ್ಡದು. ಈ ಮಾತನ್ನು ಅವರೆದುರು ಆಡಿ. ಬೈಗುಳ ಅಲ್ಲಿಗೆ ನಿಲ್ಲುತ್ತದೆ.

ನಾನು ಟೈಲರ್. ಹನ್ನೆರಡನೇ ವಯಸ್ಸಿಗೆ ಅಂಗಡಿಗೆ ಸೇರಿದೆ. ಮಾಸ್ಟರ್ ಮರದ ಸ್ಕೇಲಿನಲ್ಲಿ ಗೆಣ್ಣಿನ ಮೇಲೆ ಹೊಡೆಯುತ್ತಿದ್ದರು. ಅಮ್ಮನನ್ನು ಸೇರಿಸಿ ಬೈಯುತ್ತಿದ್ದರು. ಆದರೆ ಇವತ್ತು ನನ್ನ ಕಟಿಂಗ್ ನೋಡಿ ಜನ ಬರುತ್ತಾರೆ ಅಂದರೆ ಅದು ಅವರದ್ದೇ ಕೈ. ಮನೆಯಲ್ಲಿ 'ಹೊಡೆದಿದ್ದಕ್ಕೇ ನೀನು ಕಲಿತೆ, ಅವರ ಕಾಲಿಗೆ ಬೀಳು' ಅನ್ನುತ್ತಾರೆ. ನನಗೆ ಮನಸ್ಸು ಬರಲ್ಲ. ನಾನು ಕೃತಘ್ನನಾ?
— ಒಬ್ಬ ಓದುಗರು, ದಾವಣಗೆರೆ

ಅಲ್ಲಪ್ಪ. ನೀವು ಲೆಕ್ಕ ಸರಿಯಾಗಿ ಇಟ್ಟಿದ್ದೀರಿ. ಮನೆಯವರು ಎರಡು ಲೆಕ್ಕವನ್ನು ಕಲೆಸುತ್ತಿದ್ದಾರೆ.

ಹೊಡೆದಿದ್ದಕ್ಕೆ ಕಲಿತೆ ಅನ್ನುವುದು ಸುಳ್ಳು. ನಿಮ್ಮ ಜೊತೆ ಏಟು ತಿಂದ ಬೇರೆ ಹುಡುಗರೂ ಇದ್ದರಲ್ಲ, ಅವರೆಲ್ಲ ಕಟಿಂಗ್ ಮಾಸ್ಟರ್ ಆದರಾ? ನೀವು ಕಲಿತದ್ದು ಅವರು ಬಟ್ಟೆ ಹಾಸುವುದನ್ನು, ಚಾಕ್ ಎಳೆಯುವುದನ್ನು, ಕತ್ತರಿ ಇಡುವ ಮೊದಲು ಇನ್ನೊಂದು ಸಲ ಟೇಪು ಹಿಡಿಯುವುದನ್ನು ಕಣ್ಣಿಟ್ಟು ನೋಡಿದ್ದರಿಂದ. ಆ ನೋಡುವ ಕೆಲಸ ನಿಮ್ಮದು. ತೋರಿಸಿದ್ದು ಅವರದ್ದು. ಸ್ಕೇಲಿಗೆ ಅದರಲ್ಲಿ ಪಾಲೇ ಇಲ್ಲ.

'ಹಳೇ ಕಾಲದ ಗುರುಗಳೆಲ್ಲ ಹಾಗೇ' ಅಂತ ಯಾರಾದರೂ ಅಂದರೆ ನಂಬಬೇಡಿ. ಕುಂದಗೋಳದಲ್ಲಿ ಸವಾಯಿ ಗಂಧರ್ವರ ಮನೆಯಲ್ಲಿ ಭೀಮಸೇನ ಜೋಶಿ ನೀರು ಹೊತ್ತು, ಮನೆಗೆಲಸ ಮಾಡಿ ಸಂಗೀತ ಕಲಿತರು ಅಂತ ಹೇಳುತ್ತಾರೆ. ಅದೇ ಗುರುಗಳ ಹತ್ತಿರ ಗಂಗೂಬಾಯಿ ಹಾನಗಲ್ ಹುಬ್ಬಳ್ಳಿಯಿಂದ ರೈಲಿನಲ್ಲಿ ಹೋಗಿ ಪಾಠ ಹೇಳಿಸಿಕೊಂಡು ಬರುತ್ತಿದ್ದರು. ಒಬ್ಬರು ಮನೆಯಲ್ಲಿದ್ದು ದುಡಿದರು, ಇನ್ನೊಬ್ಬರು ಹೋಗಿ ಬಂದು ಕಲಿತರು. ಇಬ್ಬರೂ ಎಲ್ಲಿಗೆ ಮುಟ್ಟಿದರು ಅನ್ನುವುದನ್ನು ನಾನು ಹೇಳಬೇಕಾಗಿಲ್ಲ. ಕಷ್ಟ ಪಟ್ಟಿದ್ದು, ಕಷ್ಟ ಕೊಟ್ಟಿದ್ದು ಎರಡೂ ಒಂದಲ್ಲ.

ಕಾಲಿಗೆ ಬೀಳುವುದು ಬೇಡ. ಮನಸ್ಸಿಲ್ಲದ ನಮಸ್ಕಾರ ಅವರಿಗೂ ಗೊತ್ತಾಗುತ್ತದೆ. ಗಿರಾಕಿ 'ಎಲ್ಲಿ ಕಲಿತ್ರಿ' ಅಂದಾಗ ಅವರ ಹೆಸರು ಹೇಳಿ, ಸಾಕು. ನಿಮ್ಮ ಅಂಗಡಿಯಲ್ಲಿ ಕಾಜಾ-ಗುಂಡಿ ಕಲಿಯಲು ಹುಡುಗರು ಇದ್ದರೆ, ಸ್ಕೇಲು ಬಟ್ಟೆಯ ಮೇಲೆ ಮಾತ್ರ ಇರಲಿ. ಮತ್ತೆ ಹನ್ನೆರಡು ವರ್ಷದವರನ್ನು ಇಟ್ಟುಕೊಳ್ಳಬೇಡಿ. ಕಾನೂನೂ ಒಪ್ಪುವುದಿಲ್ಲ, ನಾನೂ ಒಪ್ಪುವುದಿಲ್ಲ.

ಕಾಲೇಜಿನಲ್ಲಿ ನನಗೆ ಬಹಳ ಸಹಾಯ ಮಾಡಿದ ಲೆಕ್ಚರರ್ ಒಬ್ಬರು ಈಗ ನನ್ನ ಕಚೇರಿಯಲ್ಲಿರುವ ಅವರ ಸಂಬಂಧಿಕರ ಫೈಲನ್ನು 'ಸ್ವಲ್ಪ ನೋಡಿ ಮುಂದೆ ತಳ್ಳು' ಅನ್ನುತ್ತಿದ್ದಾರೆ. ದಾಖಲೆ ಸರಿ ಇಲ್ಲ. ಗುರುಗಳ ಮಾತು ಮೀರುವುದು ಹೇಗೆ?
— ಒಬ್ಬ ಓದುಗರು, ಹಾಸನ

ಋಣ ನಿಮ್ಮದು, ಫೈಲು ಸರ್ಕಾರದ್ದು. ನಿಮ್ಮ ಸಾಲಕ್ಕೆ ಇನ್ನೊಬ್ಬರ ಆಸ್ತಿ ಅಡ ಇಡಲು ಬರುವುದಿಲ್ಲ.

ಫೋನಿನಲ್ಲಿ ಹೇಳಬೇಡಿ, ಮನೆಗೆ ಹೋಗಿ. 'ಸಾರ್, ಯಾವ ದಾಖಲೆ ಬೇಕು ಅಂತ ಬರೆದುಕೊಂಡು ಬಂದಿದ್ದೇನೆ. ಅದು ಬಂದ ದಿನವೇ ನಾನು ಮಾಡಬೇಕಾದ್ದು ಮಾಡುತ್ತೇನೆ' ಅನ್ನಿ. ಚೀಟಿ ಕೈಗೆ ಕೊಡಿ. ಅವರು ಒಳ್ಳೆಯ ಮೇಷ್ಟ್ರಾಗಿದ್ದರೆ ಒಳಗೊಳಗೇ ಮೆಚ್ಚುತ್ತಾರೆ. ಕೋಪ ಮಾಡಿಕೊಂಡರೆ ಮಾಡಿಕೊಳ್ಳಲಿ. ಏಕಲವ್ಯ ಬೆರಳು ಕೊಟ್ಟ ಅಂತ ಹಾಡಿ ಹೊಗಳುತ್ತೇವೆ, ಕೇಳಿದವರ ಬಗ್ಗೆ ಯಾರೂ ಮಾತಾಡಲ್ಲ. ನನಗಂತೂ ಚಿಕ್ಕಂದಿನಿಂದ ದ್ರೋಣರ ಮೇಲೆ ಸಿಟ್ಟು.

ಬ್ಯಾಂಕಿನ ಕೌಂಟರಿನಲ್ಲಿ ಒಬ್ಬ ಮೇಡಂ ನನ್ನ ಚಲನ್ ನೋಡಿ, 'ನಿನ್ನ ಲೆಕ್ಕ, ಅಕ್ಷರ ಎರಡೂ ಚೆನ್ನಾಗಿದೆ, ಬ್ಯಾಂಕ್ ಪರೀಕ್ಷೆ ಬರೆಯೋಕೆ ಏನು ಕಷ್ಟ?' ಅಂದರು. ಬರೆದೆ, ಪಾಸಾದೆ. ಅವರು ವರ್ಗವಾಗಿ ಹೋದರು, ಮತ್ತೆ ಸಿಗಲಿಲ್ಲ. ಅರ್ಧ ನಿಮಿಷ ಮಾತಾಡಿದವರನ್ನು ಗುರು ಅನ್ನಬಹುದಾ?
— ಒಬ್ಬ ಓದುಗರು, ಗದಗ

ಧಾರಾಳವಾಗಿ. ಕುವೆಂಪು ಅವರು ಹುಡುಗರಾಗಿದ್ದಾಗ ಇಂಗ್ಲಿಷಿನಲ್ಲಿ ಕವಿತೆ ಬರೆಯುತ್ತಿದ್ದರು. 1922ರಲ್ಲಿ ಒಂದು ಪುಟ್ಟ ಪುಸ್ತಕವೂ ಅಚ್ಚಾಗಿತ್ತು. ಐರ್ಲೆಂಡಿನ ಕವಿ ಜೇಮ್ಸ್ ಕಸಿನ್ಸ್ ಮೈಸೂರಿಗೆ ಬಂದಿದ್ದಾಗ ತಮ್ಮ ಕವಿತೆ ತೋರಿಸಲು ಹೋದರೆ, ಅವರು ಕನ್ನಡದಲ್ಲಿ ಏನು ಬರೆದಿದ್ದೀಯ ಅಂತ ಕೇಳಿದರು. ನಿನ್ನ ಭಾಷೆಯಲ್ಲಿ ಬರಿ ಅಂತ ಹೇಳಿ ಕಳಿಸಿದರು. ಹುಡುಗನಿಗೆ ಅವತ್ತು ಬೇಜಾರೇ ಆಯಿತು. ಆಮೇಲೆ ಆದದ್ದು ನಮ್ಮೆಲ್ಲರ ಪುಣ್ಯ. ಒಂದು ಭೇಟಿ, ನಾಲ್ಕು ಮಾತು.

ನಿಮ್ಮ ಮೇಡಂ ಸಿಗದಿದ್ದರೆ ಚಿಂತೆ ಇಲ್ಲ. ನೀವೂ ಈಗ ಕೌಂಟರಿನ ಆ ಕಡೆ ಕೂತಿದ್ದೀರಿ. ಚಲನ್ ತುಂಬುವವರ ಕಡೆ ಒಂದು ಕಣ್ಣಿರಲಿ.

ನನ್ನನ್ನು ಸಂಶೋಧನೆಗೆ ಹಚ್ಚಿದ ಗುರುಗಳು ಹೋದ ವರ್ಷ ತೀರಿಕೊಂಡರು. ಅವರಿಂದ ಎಷ್ಟು ಕಲಿತೆ ಅಂತ ಒಂದು ದಿನವೂ ಬಾಯಿಬಿಟ್ಟು ಹೇಳಲಿಲ್ಲ. ಅವರಿಗೆ ಗೊತ್ತಿತ್ತು ಅಂತ ಎಲ್ಲರೂ ಸಮಾಧಾನ ಹೇಳುತ್ತಾರೆ. ನನಗೆ ಸಮಾಧಾನ ಇಲ್ಲ.
— ಒಬ್ಬ ಓದುಗರು, ಧಾರವಾಡ

'ಅವರಿಗೆ ಗೊತ್ತಿತ್ತು' ಅನ್ನುವ ಸಮಾಧಾನ ನನಗೂ ಒಪ್ಪುವುದಿಲ್ಲ. ಗೊತ್ತಿತ್ತೋ ಇಲ್ಲವೋ ಯಾರಿಗೆ ಗೊತ್ತು? ಮೇಷ್ಟ್ರುಗಳು ಪಾಠ ಹೇಳಿ ಮರೆತಿರುತ್ತಾರೆ. ನಮ್ಮ ತಲೆಯಲ್ಲಿ ಯಾವ ಮಾತು ಕೂತಿತು ಅನ್ನುವುದು ಅವರಿಗೆ ಹೇಗೆ ತಿಳಿಯಬೇಕು?

ಆದರೆ ತಡವಾಯಿತು ಅಂತ ಸುಮ್ಮನಾಗಬೇಡಿ. ಮೇಲಿನ ಉತ್ತರದಲ್ಲಿ ಕುವೆಂಪು ಬಂದರಲ್ಲ, ಅವರದ್ದೇ ಇನ್ನೊಂದು ಸಂಗತಿ. ಟಿ.ಎಸ್. ವೆಂಕಣ್ಣಯ್ಯನವರು ಮೈಸೂರು ವಿಶ್ವವಿದ್ಯಾನಿಲಯದ ಮೊದಲ ಕನ್ನಡ ಪ್ರಾಧ್ಯಾಪಕರು, ಕುವೆಂಪು ಅವರ ಗುರುಗಳು. ತಾವೇ ಬರೆದದ್ದು ಕಡಿಮೆ, ಬೇರೆಯವರ ಕೈಯಲ್ಲಿ ಬರೆಸಿದ್ದು ಜಾಸ್ತಿ. 1939ರಲ್ಲಿ ತೀರಿಕೊಂಡರು. 'ಶ್ರೀ ರಾಮಾಯಣ ದರ್ಶನಂ' ಅಚ್ಚಾಗಿ ಬಂದದ್ದು 1949ರಲ್ಲಿ. ಅಂದರೆ ಹತ್ತು ವರ್ಷದ ಮೇಲೆ. ಆದರೂ ಕುವೆಂಪು ಅದನ್ನು ಅರ್ಪಿಸಿದ್ದು ಅವರಿಗೇ. ಅದೂ ಒಂದು ಸಾಲಿನಲ್ಲಿ ಹೆಸರು ಹಾಕಿ ಮುಗಿಸಲಿಲ್ಲ. ಗುರು ಎದುರಿಗೇ ಇದ್ದಾರೆ ಅನ್ನುವ ಹಾಗೆ, ಕೆಲಸ ಮುಗಿಸಿ ಬಂದ ಶಿಷ್ಯ ಒಪ್ಪಿಸುವ ಹಾಗೆ ಪದ್ಯದಲ್ಲೇ ಮಾತಾಡಿಸಿದರು. ನಿಮ್ಮ ಊರಿನ ಲೈಬ್ರರಿಯಲ್ಲಿ ಸಿಗುತ್ತದೆ, ಮೊದಲ ಪುಟಗಳನ್ನು ತೆಗೆದು ಓದಿ. ಸಂಗೀತದವರು ತಮ್ಮ ರೀತಿಯಲ್ಲಿ ಮಾಡಿದರು. ಸವಾಯಿ ಗಂಧರ್ವರು 1952ರಲ್ಲಿ ಹೋದರು. ಮರುವರ್ಷವೇ ಪುಣೆಯಲ್ಲಿ ಅವರ ಹೆಸರಿನ ಸಂಗೀತ ಉತ್ಸವ ಶುರುವಾಯಿತು. ಅದನ್ನು ದಶಕಗಟ್ಟಲೆ ಮುಂದೆ ನಿಂತು ನಡೆಸಿದವರು ಭೀಮಸೇನ ಜೋಶಿ.

ನಾವು ನೀವು ಮಹಾಕಾವ್ಯ ಬರೆಯಬೇಕಾಗಿಲ್ಲ, ಉತ್ಸವ ಮಾಡಬೇಕಾಗಿಲ್ಲ. ಒಂದು ಕಾಗದ ಬರೆಯಬಹುದು. ಯಾರಿಗೆ? ಅವರ ಹೆಂಡತಿಗೋ ಮಕ್ಕಳಿಗೋ. ಮನೆಯವರು ನೋಡಿದ್ದು ಪೇಪರ್ ತಿದ್ದುತ್ತಾ ಕೂತ, ಊಟಕ್ಕೆ ಕರೆದರೆ ಬಾರದ ಮನುಷ್ಯನನ್ನು. ಕ್ಲಾಸಿನಲ್ಲಿ ಅವರು ಹೇಗಿದ್ದರು ಅಂತ ಮನೆಯವರಿಗೆ ಗೊತ್ತೇ ಇರುವುದಿಲ್ಲ. ಅವರು ನಿಮ್ಮ ಮೊದಲ ಅಧ್ಯಾಯವನ್ನು ಹೇಗೆ ತಿದ್ದಿದರು, ಯಾವ ಶಾಸನ ನೋಡಲು ಎಲ್ಲಿಗೆ ಕರೆದುಕೊಂಡು ಹೋದರು, ಚಹಾ ಅಂಗಡಿಯಲ್ಲಿ ಏನು ವಾದ ಆಯಿತು, ಎಲ್ಲ ಬರೆಯಿರಿ. ದುಃಖದ ಮಾತು ಕಮ್ಮಿ ಇರಲಿ, ಕಥೆ ಜಾಸ್ತಿ ಇರಲಿ. ಮತ್ತೆ, ನಿಮಗೆ ಕಲಿಸಿದ ಇನ್ನೊಬ್ಬರು ಯಾರಾದರೂ ಬದುಕಿದ್ದಾರಾ? ಇರುತ್ತಾರೆ. ಈ ವಾರವೇ ಅವರಿಗೊಂದು ಫೋನ್ ಮಾಡಿ.

ಎಲ್ಲರಿಗೂ ಹೇಳುತ್ತೀರಿ. ನಿಮಗೆ ಕಲಿಸಿದವರು ಯಾರು ಅಂತ ಮಾತ್ರ ಒಂದು ಸಲವೂ ಬರೆದಿಲ್ಲ. ಜಾರಿಕೊಳ್ಳಬೇಡಿ.
— ಒಬ್ಬ ಓದುಗರು, ಕೊಳ್ಳೇಗಾಲ

ಜಾರಿಕೊಳ್ಳುತ್ತಿಲ್ಲ, ಯಾರೂ ಕೇಳಿರಲಿಲ್ಲ.

ನನಗೆ ಕಲಿಸಿದವರು ಫೋರ್ಮನ್ನು. ಪ್ರೆಸ್ಸಿನಲ್ಲಿ ಎಲ್ಲರೂ ಅವರನ್ನು ಹಾಗೇ ಕರೆಯುತ್ತಿದ್ದರು, ನಾನೂ ಹಾಗೇ ಕರೆಯುತ್ತೇನೆ. ಎಸ್ಸೆಸ್ಸೆಲ್ಸಿ ಮುಗಿದ ಮೇಲೆ ಮನೆಯಲ್ಲಿ ಓದಿಸುವ ಶಕ್ತಿ ಇರಲಿಲ್ಲ. ಮೈಸೂರಿನ ಒಂದು ಸಣ್ಣ ಮುದ್ರಣಾಲಯದಲ್ಲಿ ಮೊಳೆ ಜೋಡಿಸುವ ಕೆಲಸಕ್ಕೆ ಸೇರಿದೆ. 1970ರ ದಶಕದ ಮಾತು.

ಈಗಿನವರಿಗೆ ಮೊಳೆ ಅಂದರೆ ಗೋಡೆಗೆ ಹೊಡೆಯುವುದು. ನಮ್ಮದು ಸೀಸದ ಅಚ್ಚುಮೊಳೆ. ಒಂದೊಂದು ಮೊಳೆಯ ತಲೆಯ ಮೇಲೆ ಒಂದೊಂದು ಅಕ್ಷರ, ಅದೂ ಕನ್ನಡಿಯಲ್ಲಿ ಕಂಡ ಹಾಗೆ ತಿರುಗುಮುರುಗು. ಮರದ ಕೇಸಿನಲ್ಲಿ ಸಣ್ಣ ಸಣ್ಣ ಮನೆಗಳು, ಮನೆಗೊಂದು ಅಕ್ಷರ. ಕನ್ನಡಕ್ಕೆ ಕಾಗುಣಿತ, ಒತ್ತು ಎಲ್ಲ ಇರುವುದರಿಂದ ಇಂಗ್ಲಿಷಿಗಿಂತ ಮನೆ ಬಹಳ ಜಾಸ್ತಿ. ಎಡಗೈಯಲ್ಲಿ ಸ್ಟಿಕ್ಕು, ಅಂದರೆ ಮೊಳೆ ನಿಲ್ಲಿಸುವ ಸಣ್ಣ ತಟ್ಟೆ, ಹಿಡಿದು, ಬಲಗೈಯಿಂದ ಮೊಳೆ ಹೆಕ್ಕಿ ಒಂದೊಂದಾಗಿ ನಿಲ್ಲಿಸಬೇಕು. ಸಾಲು ತುಂಬಿದ ಮೇಲೆ ಪದಗಳ ನಡುವೆ ಸ್ಪೇಸು ತುರುಕಿ ಬಿಗಿ ಮಾಡಬೇಕು, ಅಲ್ಲಾಡಬಾರದು. ಹಾಗೆ ಸಾಲಿನ ಮೇಲೆ ಸಾಲು. ಅದನ್ನು ಗ್ಯಾಲಿ ಅನ್ನುವ ಉದ್ದನೆಯ ತಟ್ಟೆಗೆ ಇಳಿಸಿ, ದಾರ ಸುತ್ತಿ ಕಟ್ಟಿ, ಮಸಿ ಹಚ್ಚಿ ಪ್ರೂಫು, ಅಂದರೆ ತಪ್ಪು ನೋಡುವ ಕರಡು ಪ್ರತಿ, ತೆಗೆಯಬೇಕು. ಅಚ್ಚಾದ ಮೇಲೆ ಸೀಮೆಎಣ್ಣೆಯಲ್ಲಿ ತೊಳೆದು ಪ್ರತಿ ಮೊಳೆಯನ್ನೂ ಅದರದರ ಮನೆಗೆ ವಾಪಸು ಹಾಕಬೇಕು. ಸಂಜೆ ಮನೆಗೆ ಹೋದರೆ ಅಮ್ಮ, 'ಮೊದಲು ಕೈ ತೊಳಿ, ಸೀಮೆಎಣ್ಣೆ ನಾತ' ಅನ್ನೋರು.

ಮೊಳೆಯ ಪಕ್ಕದಲ್ಲಿ ಒಂದು ಸಣ್ಣ ಕಚ್ಚು ಇರುತ್ತದೆ. ಅದು ಯಾವ ಕಡೆ ಇದೆ ಅಂತ ಬೆರಳಿಗೆ ತಿಳಿದರೆ ಮೊಳೆ ತಲೆಕೆಳಗಾಗುವುದಿಲ್ಲ. ಮೊದಲ ವಾರ ಫೋರ್ಮನ್ನು ನನಗೆ ಒಂದಕ್ಷರವೂ ಜೋಡಿಸಲು ಕೊಡಲಿಲ್ಲ. ಕೈತುಂಬ ಮೊಳೆ ಕೊಟ್ಟು, 'ಕಣ್ಣು ಮುಚ್ಚಿಕೊಂಡು ಎಲ್ಲಾನೂ ಒಂದೇ ಕಡೆಗೆ ತಿರುಗಿಸಿಡು' ಅಂದರು. ನನಗೆ ಅಳು. ಶನಿವಾರದ ಹೊತ್ತಿಗೆ ಬೆರಳಿಗೇ ಕಣ್ಣು ಬಂದಿತ್ತು.

ಅವರು ಕಲಿಸಿದ್ದರಲ್ಲಿ ಕೆಲವು ಇವತ್ತಿಗೂ ನನ್ನ ಮೇಜಿನ ಮೇಲಿವೆ. ಕಾಪಿ ಕೈಗೆ ಬಂದರೆ ಪೂರ್ತಿ ಓದಿದ ಮೇಲೆಯೇ ಮೊದಲ ಮೊಳೆಗೆ ಕೈ ಹಾಕು. ಕೆಟ್ಟ ಅಕ್ಷರ ನೋಡಿ ನಗಬೇಡ, ಬರೆದವರ ಕೈ ನಡುಗುತ್ತಿರಬಹುದು. ತಲೆಬರಹವನ್ನು ಎರಡು ಸಲ ಓದು. ತಪ್ಪು ಅಡಗಿ ಕೂರುವುದು ದಪ್ಪ ಅಕ್ಷರದಲ್ಲೇ, ಯಾಕೆಂದರೆ ಅದನ್ನು ಯಾರೂ ಓದುವುದಿಲ್ಲ, ಬರೀ ನೋಡುತ್ತಾರೆ. ಲಗ್ನಪತ್ರಿಕೆ ಬಂದರೆ ಹೆಸರು ಆಮೇಲೆ ನೋಡು, ಮೊದಲು ತಾರೀಖಿಗೂ ವಾರಕ್ಕೂ ತಾಳೆ ಹಾಕು. ಈ ಕೊನೆಯದಕ್ಕಾಗಿ ಗೋಡೆಗೆ ಕ್ಯಾಲೆಂಡರ್ ನೇತುಹಾಕಿಸಿದ್ದರು. ಗುರುವಾರ ಅಂತ ಬರೆದು ತಂದವರ ತಾರೀಖು ಶುಕ್ರವಾರಕ್ಕೆ ಬಿದ್ದಿರುವುದು ಎಷ್ಟು ಸಲ ಸಿಕ್ಕಿತೋ ಲೆಕ್ಕ ಇಲ್ಲ. ಹುಡುಗಿಯ ಅಪ್ಪ ಓಡಿ ಬಂದು, ಪುರೋಹಿತರ ಮನೆಗೆ ಓಡಿ ಹೋಗಿ, ಮತ್ತೆ ಓಡಿ ಬರುತ್ತಿದ್ದರು. ಫೋರ್ಮನ್ನು ಅವರಿಗೆ ಕಾಫಿ ತರಿಸಿ ಕೂರಿಸೋರು.

ಮೊಳೆ ಜೋಡಿಸುವವರು ಕರಡು ತಿದ್ದುವ ಹಾಗಿರಲಿಲ್ಲ. ಅದಕ್ಕೆ ಬಿ.ಎ. ಓದಿದವರೊಬ್ಬರು ಇದ್ದರು. ಫೋರ್ಮನ್ನು ಮಧ್ಯಾಹ್ನ ಊಟದ ಹೊತ್ತಿನಲ್ಲಿ ಗ್ಯಾಲಿ ಪ್ರೂಫಿನ ಇನ್ನೊಂದು ಪ್ರತಿ ತೆಗೆದು ನನ್ನ ಡಬ್ಬಿಯ ಪಕ್ಕ ಇಡೋರು. 'ತಪ್ಪು ಹುಡುಕು. ತಿದ್ದಬೇಡ, ಬರೀ ಗುರುತು ಹಾಕು' ಅಂತ ಹೇಳೋರು. ನಾನು ಮೊಸರನ್ನ ತಿನ್ನುತ್ತಾ ಗುರುತು ಹಾಕಿ ಕೊಡುತ್ತಿದ್ದೆ. ಅದು ಎಲ್ಲಿಗೆ ಹೋಗುತ್ತದೆ ಅಂತ ನಾನು ಕೇಳಲಿಲ್ಲ, ಅವರು ಹೇಳಲಿಲ್ಲ. ಟ್ರೆಡಲ್ ಅನ್ನುವ ಅಚ್ಚಿನ ಯಂತ್ರ ತುಳಿಯುತ್ತಿದ್ದವರು ಆಮೇಲೆ ಹೇಳಿದ್ದರಿಂದ ತಿಳಿಯಿತು. ನನ್ನ ಗುರುತಿನ ಹಾಳೆಗಳನ್ನೆಲ್ಲ ಜೋಡಿಸಿಟ್ಟು, ಒಂದು ದಿನ ಮಾಲೀಕರ ಮೇಜಿನ ಮೇಲೆ ಇಟ್ಟರಂತೆ. ಪಕ್ಕದಲ್ಲಿ ಬಿ.ಎ. ಅವರು ತಿದ್ದಿದ ಹಾಳೆಗಳು. 'ಹೆಣ್ಣುಹುಡುಗಿ, ಎಸ್ಸೆಸ್ಸೆಲ್ಸಿ' ಅಂದರಂತೆ ಮಾಲೀಕರು. 'ಹೌದು ಸ್ವಾಮಿ, ತಪ್ಪು ಎಷ್ಟು ಸಿಕ್ಕಿದೆ ಎಣಿಸಿ' ಅಂದರಂತೆ ಇವರು. ಯುಗಾದಿ ಕಳೆದ ಮೇಲೆ ನನ್ನನ್ನು ಕರಡಿನ ಮೇಜಿಗೆ ಕೂರಿಸಿದರು. ಈ ಪತ್ರಿಕೆಗೆ ನಾನು ಬಂದದ್ದೂ ಆ ಮೇಜಿನಿಂದಲೇ. ಅವರು ನನ್ನ ಬಗ್ಗೆ ಒಂದು ಒಳ್ಳೆ ಮಾತನ್ನೂ ನನ್ನೆದುರು ಆಡಿದವರಲ್ಲ.

ಕಂಪ್ಯೂಟರ್ ಬಂದು, ಡಿಟಿಪಿ ಬಂದು, ಮೊಳೆಗಳೆಲ್ಲ ಗುಜರಿಗೆ ಕೆಜಿ ಲೆಕ್ಕದಲ್ಲಿ ಹೋದವು. ಫೋರ್ಮನ್ನು ಅಷ್ಟರಲ್ಲಿ ನಿವೃತ್ತರಾಗಿದ್ದರು. ಒಂದು ದಸರೆಯ ರಜೆಯಲ್ಲಿ ಅವರ ಮನೆಗೆ ಹೋದೆ. ಹಣ್ಣು ಒಯ್ದಿದ್ದೆ, ಅದನ್ನು ಅವರು ನೋಡಲೂ ಇಲ್ಲ. 'ಈಗಲೂ ಯಾವ ಪುಟ ಬಂದರೂ ನೀವು ಹೇಳಿದ ಹಾಗೆ ವಾರ, ತಾರೀಖು ತಾಳೆ ನೋಡ್ತೀನಿ. ಹೋದ ತಿಂಗಳು ಒಂದು ಜಾಹೀರಾತಿನಲ್ಲಿ ಸಿಕ್ಕಿತು' ಅಂದೆ. ಕೂತಿದ್ದವರು ನೆಟ್ಟಗಾದರು. ಯಾವ ಜಾಹೀರಾತು, ಎಷ್ಟು ಕಾಲಂ, ಯಾರು ಬರೆದು ಕೊಟ್ಟದ್ದು, ಯಾರ ಕಣ್ಣು ತಪ್ಪಿತು ಅಂತ ಎಲ್ಲ ಕೇಳಿದರು. ಆಮೇಲೆ, 'ತಾಳೆ ನೋಡೋಕೆ ಏನಿಟ್ಕೊಂಡಿದ್ದೀಯ?' ಅಂದರು. 'ಕ್ಯಾಲೆಂಡರ್' ಅಂದೆ. 'ಪಂಚಾಂಗಾನೂ ಇಟ್ಕೋ. ವಾರ ಸರಿ ಇದ್ರೂ ತಿಥಿ ತಪ್ಪಿರುತ್ತೆ' ಅಂದರು.

ಇಟ್ಟುಕೊಂಡೆ.

ನಮ್ಮ ಹೈಸ್ಕೂಲಿನ ಕನ್ನಡ ಟೀಚರಿಗೆ ಕಾಗದ ಬರೆಯಬೇಕು. ಹೇಗೆ ಶುರು ಮಾಡಲಿ? 'ತೀರ್ಥರೂಪು ಸಮಾನರಾದ' ಅಂತ ಹಾಕಬೇಕಾ? ತಪ್ಪಿದ್ದರೆ ತಿದ್ದಿ ವಾಪಸು ಕಳಿಸುತ್ತಾರೆ ಅಂತ ಭಯ.
— ಒಬ್ಬ ಓದುಗರು, ಬೆಂಗಳೂರು

ತಿದ್ದಿ ವಾಪಸು ಕಳಿಸಿದರೆ ಅದಕ್ಕಿಂತ ಭಾಗ್ಯ ಬೇಕಾ! ಅದನ್ನು ಕಟ್ಟು ಹಾಕಿಸಿ ಇಟ್ಟುಕೊಳ್ಳಿ.

'ಪೂಜ್ಯ ಟೀಚರಿಗೆ ನಮಸ್ಕಾರಗಳು' ಅಂದರೆ ಧಾರಾಳ ಸಾಕು. ಮೊದಲ ಸಾಲಿನಲ್ಲೇ ನೀವು ಯಾರು ಅಂತ ಬಿಡಿಸಿ ಬರೆಯಿರಿ. ಅವರ ಕೈಕೆಳಗೆ ಸಾವಿರಾರು ಮಕ್ಕಳು ಹೋಗಿದ್ದಾರೆ. ಯಾವ ವರ್ಷ, ಯಾವ ಸೆಕ್ಷನ್, ಎಷ್ಟನೇ ಬೆಂಚು, ಯಾವ ಊರಿನಿಂದ ಬರುತ್ತಿದ್ದಿರಿ, ಅಪ್ಪ ಏನು ಮಾಡುತ್ತಿದ್ದರು, ಎಲ್ಲ ಇರಲಿ. ಮದುವೆಯಾಗಿ ಹೆಸರು ಬದಲಾಗಿದ್ದರೆ ಹಳೆಯ ಇನಿಷಿಯಲ್ ಹಾಕಿ. ಹಾಜರಿ ಪುಸ್ತಕದಲ್ಲಿ ಇದ್ದ ಹೆಸರೇ ಅವರಿಗೆ ಹೊಳೆಯುವುದು. ಅವರು ಯಾವ ಪದ್ಯವನ್ನು ಹೇಗೆ ಹೇಳಿಕೊಟ್ಟರು ಅನ್ನುವುದು ಬರಲಿ. ಅಕ್ಷರ ದಪ್ಪಗಿರಲಿ, ಹಾಳೆಯ ಒಂದೇ ಮಗ್ಗುಲಿಗೆ ಬರೆಯಿರಿ, ಫೋನ್ ನಂಬರ್ ಕೆಳಗೆ ಹಾಕಿ. ಕಾಗದ ಸಿಕ್ಕ ದಿನವೇ ಫೋನ್ ಬರುತ್ತದೆ, ಕ್ಲಾಸು ತಗೊಳ್ಳುವ ದನಿಯಲ್ಲೇ.

ಅಂಚೆ ಚೀಟಿ ಅಂಟಿಸುವುದು ಮರೆಯಬೇಡಿ ಮಾರಾಯ್ರೇ. ಇಲ್ಲದಿದ್ದರೆ ಟೀಚರ್ರೇ ದಂಡ ಕಟ್ಟಿ ನಿಮ್ಮ ಕೃತಜ್ಞತೆಯನ್ನು ಬಿಡಿಸಿಕೊಳ್ಳಬೇಕಾಗುತ್ತದೆ.